ಯಾರದೋ ದುಡ್ಡು, ವಿಜ್ಞಾನದ ಜಾತ್ರೆ

2023ರಲ್ಲಿ ಕೇಂದ್ರ ಸರ್ಕಾರ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಕಾನೂನು ತಂದಿತು. ಐದು ವರ್ಷದಲ್ಲಿ ಸಂಶೋಧನೆಗೆ 50,000 ಕೋಟಿ ರೂಪಾಯಿ ಎಂದು ಘೋಷಿಸಿತು. ಚಪ್ಪಾಳೆ ಜೋರಾಗಿಯೇ ಬಿತ್ತು. ಅದು ನಿಂತ ಮೇಲೆ ಕೆಲವರು ಲೆಕ್ಕ ಹಾಕಿ ನೋಡಿದರು. ಸರ್ಕಾರದ ಪಾಲು 14,000 ಕೋಟಿ. ಮಿಕ್ಕ 36,000 ಕೋಟಿ ಕಂಪನಿಗಳು, ದಾನಿಗಳು ಕೊಡುತ್ತಾರಂತೆ. ಕೊಡ್ತೀವಿ ಅಂತ ಅವರು ಹೇಳಿದ್ದರಾ? ಅದನ್ನೆಲ್ಲ ಕೇಳಬಾರದು.

ಬೀದಿಯಲ್ಲಿ ಗಣಪತಿ ಕೂರಿಸುವ ಹುಡುಗರೂ ಹೀಗೇ. ಚಂದಾ ಪುಸ್ತಕ ಅಚ್ಚಾಗುವ ಮೊದಲೇ ಆರ್ಕೆಸ್ಟ್ರಾ ಬುಕ್ ಮಾಡಿ ಬಂದಿರುತ್ತಾರೆ. ಆದರೆ ಅವರು ಕೊನೆಗೆ ಮನೆಮನೆ ಬಾಗಿಲು ತಟ್ಟಿ ದುಡ್ಡು ಎತ್ತಿಯೇ ತೀರುತ್ತಾರೆ.

ನಮ್ಮ ಉದ್ಯಮಿಗಳ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲ್ಲ. ದೇಶ ಸಂಶೋಧನೆಗೆ ಹಾಕುವುದೇ ಜಿಡಿಪಿಯ 0.64%. ಅದರಲ್ಲಿ ಖಾಸಗಿ ಕಂಪನಿಗಳದ್ದು ಸುಮಾರು 36%. ಚೀನಾ, ದಕ್ಷಿಣ ಕೊರಿಯಾದಲ್ಲಿ ಮುಕ್ಕಾಲಿಗೂ ಜಾಸ್ತಿ ಖರ್ಚು ಕಂಪನಿಗಳದ್ದೇ. ಇಲ್ಲಿ ಮಾತುಕತೆ ಹೀಗೆ ನಡೆದಿರಬೇಕು ಅಂತ ನನ್ನ ಊಹೆ:

"ಸಾರ್, ಸಂಶೋಧನೆಗೆ ಸ್ವಲ್ಪ ಕೈ ಬಿಚ್ಚಿ."

"ಅಯ್ಯೋ, ಖಂಡಿತ! ಆದರೆ ರಿಸ್ಕ್ ಜಾಸ್ತಿ ಅಲ್ವಾ?"

"ಹಾಗಾದರೆ ಏನ್ಮಾಡೋಣ, ನೀವೇ ಹೇಳಿ."

"ಮೊದಲು ನೀವು ಸ್ವಲ್ಪ ಕೊಡಿ. ಆಮೇಲೆ ನಾವು ಹಾಕ್ತೀವಿ."

2025ರ ಜುಲೈನಲ್ಲಿ ಸಚಿವ ಸಂಪುಟ ಆರ್‌ಡಿಐ, ಅಂದರೆ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯತೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದು ಲಕ್ಷ ಕೋಟಿ ರೂಪಾಯಿ! ಸರ್ಕಾರ ಈ ದುಡ್ಡನ್ನು ಪ್ರತಿಷ್ಠಾನಕ್ಕೆ 50 ವರ್ಷದ ಬಡ್ಡಿಯಿಲ್ಲದ ಸಾಲವಾಗಿ ಕೊಡುತ್ತದೆ. ಅಲ್ಲಿಂದ ಅದು ನಿಧಿ ನೋಡಿಕೊಳ್ಳುವವರ ಕೈಗೆ ಹೋಗಿ, ಕಡಿಮೆ ಬಡ್ಡಿಗೋ ಬಡ್ಡಿಯೇ ಇಲ್ಲದೆಯೋ ಖಾಸಗಿ ಕಂಪನಿಗಳನ್ನು ಸೇರುತ್ತದೆ. ಯಾರ ಹತ್ತಿರ 36,000 ಕೋಟಿ ಚಂದಾ ಎತ್ತಬೇಕಿತ್ತೋ ಅವರಿಗೇ ಲಕ್ಷ ಕೋಟಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಇಲ್ಲಿ ಈರಭದ್ರ ಯಾರು ಅಂತ ಮೊದಲೇ ಗೊತ್ತು. ಹಾಗಂತ ಯೋಜನೆಯೇ ಕೆಟ್ಟದ್ದು ಅನ್ನಲ್ಲ. ಹೊಸ ಯಂತ್ರ ಕಂಡುಹಿಡೀತೀನಿ ಅಂತ ಹೋದವನಿಗೆ ಯಾವ ಬ್ಯಾಂಕೂ ಕುರ್ಚಿ ಕೂಡ ಹಾಕಲ್ಲ.

ಆದರೆ ಒಂದು ಷರತ್ತಿದೆ. ತಂತ್ರಜ್ಞಾನ ಎಷ್ಟು ಹದಕ್ಕೆ ಬಂದಿದೆ ಅಂತ 1ರಿಂದ 9ರವರೆಗೆ ಅಳೆಯುತ್ತಾರೆ. 4ನೇ ಮೆಟ್ಟಿಲು ಹತ್ತಿದವರಿಗೆ ಮಾತ್ರ ಈ ದುಡ್ಡು. ಅಂದರೆ ಐಡಿಯಾ ಲ್ಯಾಬಿನಲ್ಲಿ ಕೆಲಸ ಮಾಡಿ ತೋರಿಸಿರಬೇಕು. ಮೊದಲ ಮೂರು ಮೆಟ್ಟಿಲು ಹತ್ತಿಸೋರು ಯಾರು? ಅದೇ 0.64%.

ಈ ಅಂಕಿಯನ್ನು 2% ಮಾಡ್ತೀವಿ ಅಂತ 2003ರ ವಿಜ್ಞಾನ ನೀತಿ ಹೇಳಿತ್ತು. 2013ರ ನೀತಿಯೂ ಅದನ್ನೇ ಹೇಳಿತು. ಸರ್ಕಾರ ಬದಲಾದರೂ ಗುರಿ ಮಾತ್ರ ಅಲ್ಲಾಡಿಲ್ಲ. ಜಿಡಿಪಿಯಲ್ಲಿ ಖರ್ಚಿನ ಪಾಲು ಅಲ್ಲಾಡಿತು, ಕೆಳಕ್ಕೆ.

ಇರಲಿ, ದುಡ್ಡು ಬಂದೇ ಬಿಟ್ಟಿತು ಅಂದುಕೊಳ್ಳಿ. ಸರ್ಕಾರಿ ಲ್ಯಾಬಿನಲ್ಲಿ ಒಂದು ವ್ಯಾಕ್ಯೂಮ್ ಪಂಪ್ ಕೆಟ್ಟಿದೆ. ಹೊಸದನ್ನು ಸರ್ಕಾರಿ ಖರೀದಿಯ ಆನ್‌ಲೈನ್ ಅಂಗಡಿಯಾದ ಜೆಮ್ ಪೋರ್ಟಲ್‌ನಲ್ಲಿ ಹುಡುಕಬೇಕು. ಅಲ್ಲಿ ಇಲ್ಲವೇ? ಇಲ್ಲ ಅನ್ನುವುದಕ್ಕೂ ಸರ್ಟಿಫಿಕೇಟ್ ತೆಗೆಯಬೇಕು. ಆಮೇಲೆ ಮೂರು ಕೊಟೇಶನ್. ಕಡಿಮೆ ರೇಟು ಕೋಟ್ ಮಾಡಿದವನೇ ಎಲ್-1, ಅವನದ್ದೇ ಪಂಪ್. ಅದು ಸದ್ದು ಚೆನ್ನಾಗಿಯೇ ಮಾಡುತ್ತದೆ, ಗಾಳಿ ಮಾತ್ರ ಎಳೆಯಲ್ಲ. 2025ರ ಜೂನ್‌ನಲ್ಲಿ ಈ ನಿಯಮ ಸಡಿಲವಾಯಿತು, ನಿರ್ದೇಶಕರು ಒಪ್ಪಿದರೆ ಜೆಮ್ ಬಿಟ್ಟು ಹೊರಗೂ ಕೊಳ್ಳಬಹುದು. "ಆಡಿಟ್‌ನವರು ಕೇಳಿದರೆ ಯಾರು ಉತ್ತರ ಕೊಡೋದು?" ಅನ್ನುವ ಗುಮಾಸ್ತರು ಸಡಿಲವಾಗಬೇಕಷ್ಟೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ. 2024ರಲ್ಲಿ ಐಐಟಿ ದೆಹಲಿಗೆ ಸುಮಾರು 120 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂತು. ಯಾವ ವ್ಯಾಪಾರಕ್ಕೆ? ಸಂಶೋಧನೆಗೆ ಬಂದ ಅನುದಾನಕ್ಕೆ. ಸರ್ಕಾರದ ಒಂದು ಕೈ ಕೊಟ್ಟದ್ದಕ್ಕೆ ಇನ್ನೊಂದು ಕೈ ತೆರಿಗೆ ಕೇಳಿತು. ಗಲಾಟೆ ಆದ ಮೇಲೆ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ವಿನಾಯಿತಿ ಕೊಟ್ಟಿತು.

ಫೈಲು ಮಲಗುವುದು ಹೊಸ ಕಾಯಿಲೆಯೇನೂ ಅಲ್ಲ ಬಿಡಿ. ಜಮ್‌ಶೆಟ್‌ಜಿ ಟಾಟಾ 1898ರಲ್ಲೇ ಒಂದು ಸಂಶೋಧನಾ ಸಂಸ್ಥೆಗೆ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ತಮ್ಮ ಆಸ್ತಿ ಕೊಡಲು ಮುಂದೆ ಬಂದಿದ್ದರು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು. ಆಗಿನ ವೈಸ್‌ರಾಯ್ ಲಾರ್ಡ್ ಕರ್ಜನ್‌ಗೆ ಮಾತ್ರ ಇದೆಲ್ಲ ಯಾಕೆ ಅನ್ನುವ ಅನುಮಾನ. ಸಂಸ್ಥೆಗೆ ಅಧಿಕೃತ ಆದೇಶ ಬಂದದ್ದು 1909ರಲ್ಲಿ. ಟಾಟಾ 1904ರಲ್ಲೇ ತೀರಿಕೊಂಡಿದ್ದರು.

ಇಷ್ಟೆಲ್ಲ ಕೋಟಿಗಳ ನಡುವೆ ಪಿಎಚ್.ಡಿ. ಹುಡುಗನೊಬ್ಬ ಇರುತ್ತಾನೆ. ಪಂಪ್ ಬಿಚ್ಚಿ ಜೋಡಿಸುವವನು ಅವನೇ. 2023ರಿಂದ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ. ತಿಂಗಳಿಗೆ ಅಂತ ಆದೇಶದಲ್ಲಿದೆ, ಬರುವುದು ಬಂದಾಗ. ಈ ಸಲವೂ ತಡವಾಗಿ, ಮತ್ತಿಕೆರೆಯ ಓನರ್ ಅಂಕಲ್ ಬಾಡಿಗೆ ಕೇಳಿದಾಗ ಅವನು ಆರ್‌ಡಿಐ ಯೋಜನೆ ವಿವರಿಸಿದ. "ಅಂಕಲ್, ಇದನ್ನೂ 50 ವರ್ಷದ ಬಡ್ಡಿಯಿಲ್ಲದ ಸಾಲ ಅಂದ್ಕೊಳ್ಳಿ" ಅಂದ. ಬೆಂಗಳೂರಿನಲ್ಲಿ ಮನೆ ಓನರ್‌ಗಳು ಬಡ್ಡಿಯಿಲ್ಲದ ಸಾಲ ಕೊಡೋರಲ್ಲ. ಹತ್ತು ತಿಂಗಳ ಅಡ್ವಾನ್ಸ್ ಅಂತ ಇಸ್ಕೊಳ್ಳೋರು.