ಗ್ರೂಪಿನಲ್ಲಿ ಆಡಿದ ಮಾತಿಗೆ ಕೋರ್ಟ್ ಮೆಟ್ಟಿಲು ಹತ್ತಬೇಕಾ?

ಪರ: ಆಧಾರ ಏನು ಅಂತ ಕೇಳುವ ಜಾಗ ಒಂದಾದರೂ ಬೇಕು

ನಾನು ಬಾಗಲಕೋಟೆ ನವನಗರದವಳು. ನಮ್ಮ ಮಹಿಳಾ ಸಂಘದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇವೆ. ಹನ್ನೆರಡು ಜನ ಇದ್ದೇವೆ. ಆರು ವರ್ಷದಿಂದ ಲೆಕ್ಕ ಬರೆಯುವವಳು ನಾನು. ಪಾಸ್‌ಬುಕ್, ಠರಾವು ಪುಸ್ತಕ, ಕಂತಿನ ರಸೀದಿ ಎಲ್ಲಾ ನಮ್ಮ ಮನೆಯ ಟ್ರಂಕಿನಲ್ಲೇ ಇರುತ್ತವೆ.

ಒಂದು ರಾತ್ರಿ ನಮ್ಮ ಸೆಕ್ಟರಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. "ಸಂಘದ ರೊಕ್ಕ ತಿಂದು ಮನಿಗೆ ಟೈಲ್ಸ್ ಹಾಕಿಸ್ಯಾಳ. ಕೇಳವ್ರು ಯಾರೂ ಇಲ್ಲೇನ್ರಿ?" ಕೆಳಗೆ ನಮ್ಮ ಪಡಸಾಲೆಯ ಫೋಟೊ. ಬರೆದವಳು ಸಂಘದವಳೇ. ಹಿಂದಿನ ಕಂತು ಬಾಕಿ ಇಟ್ಟುಕೊಂಡು ಹೊಸ ಸಾಲ ಕೇಳಿದ್ದಳು. ಸಭೆಯಲ್ಲಿ ಎಲ್ಲರೂ ಸೇರಿ ಈಗ ಬೇಡ ಅಂದಿದ್ದೆವು. ಆ ಸಿಟ್ಟು ಇತ್ತು. ಟೈಲ್ಸ್ ಹಾಕಿಸಿದ್ದು ನನ್ನ ಗಂಡ, ಅವರ ಪಿ.ಎಫ್. ದುಡ್ಡಿನಲ್ಲಿ.

ರಾತ್ರಿ ಒಂದೂವರೆವರೆಗೆ ಕೂತು ಪಾಸ್‌ಬುಕ್ಕಿನ ಒಂದೊಂದು ಹಾಳೆಯ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಬೆಳಗ್ಗೆ ನೋಡಿದರೆ ಅದರ ಕೆಳಗೆ ಗುಡ್ ಮಾರ್ನಿಂಗ್ ಹೂವು ಬಂದಿದ್ದವು. ಲೆಕ್ಕದ ಬಗ್ಗೆ ಒಬ್ಬರೂ ಒಂದು ಮಾತು ಬರೆದಿರಲಿಲ್ಲ. ಸುಳ್ಳು ಮಾತ್ರ ಮಧ್ಯಾಹ್ನದೊಳಗೆ ಇಳಕಲ್ಲಿನ ನನ್ನ ಅಕ್ಕನ ಫೋನ್ ಮುಟ್ಟಿತ್ತು. "ಏನವ್ವಾ, ಇದು ಖರೇ ಏನು?" ಅಂದಳು. ಒಡಹುಟ್ಟಿದವಳೇ ಹೀಗೆ ಕೇಳಿದಾಗ ನನಗೆ ಉತ್ತರವೇ ಹೊರಡಲಿಲ್ಲ.

ಹಳೇ ಊರಿಗೆ ಆಲಮಟ್ಟಿ ಹಿನ್ನೀರು ಬಂದಾಗ ನಮ್ಮ ಮಾವನವರು ಮನೆ, ಅಂಗಡಿ ಎರಡೂ ಬಿಟ್ಟು ಇಲ್ಲಿಗೆ ಬಂದರು. ಹೊಸ ಜಾಗದಲ್ಲಿ ಅವರಿಗೆ ಉದ್ರಿ ಸಿಕ್ಕಿದ್ದು ಹೆಸರಿನ ಮೇಲೆ. ಹೆಸರು ಕೆಟ್ಟರೆ ಏನೇನು ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಾನೂನು ಕೂಡ ಇದನ್ನು ಹಗುರವಾಗಿ ನೋಡಿಲ್ಲ. ಮಾನಹಾನಿಯನ್ನು ಅಪರಾಧ ಅನ್ನುವ ಕಲಮುಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿ ಹಿಡಿಯಿತು. ಒಳ್ಳೆಯ ಹೆಸರು ಬದುಕುವ ಹಕ್ಕಿನದೇ ಭಾಗ ಅಂತ ಹೇಳಿತು.

ಠಾಣೆಗೆ ಹೋದೆ. ಇದರಲ್ಲಿ ನಾವು ನೇರವಾಗಿ ಎಫ್‌ಐಆರ್ ಹಾಕಲು ಬರುವುದಿಲ್ಲ, ಕೋರ್ಟಿಗೆ ಹೋಗಿ ಅಂದರು. ಅದು ನಿಜವೇ. ಹಿಂದೆ ಐಪಿಸಿ 499, 500 ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಆಗಿದೆ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಈಗ ಸಮುದಾಯ ಸೇವೆಯ ಶಿಕ್ಷೆಯೂ ಸೇರಿದೆ. ವಕೀಲರ ನೋಟಿಸಿಗೆ ಅವಳಿಂದ ಉತ್ತರ ಬರಲಿಲ್ಲ. ದೂರು ಹಾಕಿದೆ.

ಕೋರ್ಟಿನ ವರಾಂಡದಲ್ಲಿ ಅವಳ ವಕೀಲರೇ ಅವಳನ್ನು ಕೇಳುವುದು ನನ್ನ ಕಿವಿಗೆ ಬಿತ್ತು. "ರೊಕ್ಕ ತಿಂದಾರ ಅನ್ನಾಕ ನಿಮ್ಮ ಹತ್ರ ಏನೈತ್ರಿ?" ಅವಳು ತಲೆ ತಗ್ಗಿಸಿದಳು. ಗ್ರೂಪಿನಲ್ಲಿ ಇನ್ನೂರು ಜನ ಇದ್ದರು. ಈ ಒಂದು ಪ್ರಶ್ನೆಯನ್ನು ಅಲ್ಲಿ ಒಬ್ಬರೂ ಕೇಳಿರಲಿಲ್ಲ. ಮುಂದಿನ ತಾರೀಖಿನೊಳಗೆ ಅದೇ ಗ್ರೂಪಿನಲ್ಲಿ ಅವಳೇ ಬರೆದಳು, ನಾನು ಹೇಳಿದ್ದು ಸುಳ್ಳು, ಲೆಕ್ಕ ಸರಿ ಇದೆ ಅಂತ. ನಾನು ರಾಜಿ ಮಾಡಿಕೊಂಡೆ. ಅವಳನ್ನು ಜೈಲಿಗೆ ಕಳಿಸಿ ನನಗೇನು ಆಗಬೇಕಿತ್ತು? ಮಾತು ಬಿದ್ದ ಜಾಗದಲ್ಲೇ ಅದು ವಾಪಸ್ ಬರಬೇಕಿತ್ತು, ಬಂತು.

ಅಡ್ಮಿನ್ ಕಾಕಾ ತಮಗೂ ಕೇಸು ಬೀಳುತ್ತದೆ ಅಂತ ಹೆದರಿ ಗ್ರೂಪನ್ನೇ ಮುಚ್ಚಲು ಹೊರಟಿದ್ದರು. ಬರೀ ಅಡ್ಮಿನ್ ಆದ ಮಾತ್ರಕ್ಕೆ ಬೇರೆಯವರ ಮೆಸೇಜಿಗೆ ಹೊಣೆ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಹಾಗೇ ಹೇಳಿತು. ಆದರೆ ಸುಮ್ನೆ ಫಾರ್ವರ್ಡ್ ಮಾಡಿದೆ ಅಂದುಬಿಟ್ಟರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಫಾರ್ವರ್ಡ್ ಮಾಡಿದವರೂ ಆ ಮಾತಿಗೆ ಹೊಣೆ ಅಂತ ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿದೆ.

"ಹೋಗ್ಲಿ ಬಿಡವ್ವಾ, ದೊಡ್ಡ ಮನಸ್ಸು ಮಾಡು" ಅಂತ ನನಗೆ ಹೇಳಿದವರು ಲೆಕ್ಕವಿಲ್ಲದಷ್ಟು ಜನ. ಅವಳ ಮನೆಗೆ ಹೋಗಿ "ತಪ್ಪಾತು ಅನ್ನವ್ವಾ" ಅಂದವರು ಅವರಲ್ಲಿ ಒಬ್ಬರೂ ಇಲ್ಲ.

ವಿರೋಧ: ಆ ಪ್ರಶ್ನೆ ಕೊನೆಗೆ ಬಡವನ ಕಡೆಗೇ ತಿರುಗುತ್ತದೆ

ಬಾಗಲಕೋಟೆಯ ಅಕ್ಕಾವರು ಬರೆದದ್ದನ್ನು ಎರಡು ಸಲ ಓದಿದೆ. ಅವರಿಗೆ ಅನ್ಯಾಯ ಆಗಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹಿಡಿದ ದಾರಿಯ ಇನ್ನೊಂದು ತುದಿಯಲ್ಲಿ ನಾನು ನಿಂತಿದ್ದೆ.

ನಾನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಮೂರು ಎಕರೆ ತೋಟ ಇದೆ. ಹಣ್ಣನ್ನು ಶೆಡ್ಡಿನ ರ್‍ಯಾಕಿನಲ್ಲಿ ಒಣಗಿಸಿ ಮಣೂಕ ಮಾಡುತ್ತೇವೆ. ಒಂದು ವರ್ಷ ಮೇ ತಿಂಗಳಲ್ಲಿ ಒಬ್ಬ ವ್ಯಾಪಾರಿ ಮಾಲು ಎತ್ತಿದ. ಇಪ್ಪತ್ತೊಂದು ದಿನಕ್ಕೆ ರೊಕ್ಕ ಅಂದಿದ್ದ. ಆಗಸ್ಟ್ ಮುಗಿದರೂ ಕೊಡಲಿಲ್ಲ. ಫೋನ್ ಎತ್ತುವುದನ್ನೂ ಬಿಟ್ಟ. ಬೆಳೆಗಾರರ ಗ್ರೂಪಿನಲ್ಲಿ ಅವನ ಹೆಸರು ಹಾಕಿ ಬರೆದೆ: "ಇವರು ನನ್ನ ಮಾಲಿನ ರೊಕ್ಕ ಮೂರು ತಿಂಗಳಾದರೂ ಕೊಟ್ಟಿಲ್ಲ. ಮಾಲು ಕೊಡೋ ಮುಂಚೆ ವಿಚಾರ ಮಾಡ್ರಿ." ಇಷ್ಟೇ ಬರೆದದ್ದು. ಬೈದಿರಲಿಲ್ಲ, ಕಳ್ಳ ಅಂದಿರಲಿಲ್ಲ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿತ್ತು. ಕಡ್ಡಿ ಕತ್ತರಿಸಿ, ಕಣ್ಣುಗಳಿಗೆ ಪೇಸ್ಟ್ ಹಚ್ಚುತ್ತಿದ್ದೆವು. ಅಂಚೆಯವರು ತೋಟದೊಳಗೇ ಬಂದರು. ನಾನು ಕೈಗವಸು ಬಿಚ್ಚಿ ಕೈ ತೊಳೆದು ಬರುವವರೆಗೆ ಅಲ್ಲೇ ಸಾಲಿನ ತುದಿಯಲ್ಲಿ ನಿಂತಿದ್ದರು. ಸಹಿ ಮಾಡಿ ಒಡೆದರೆ ವಕೀಲರ ನೋಟಿಸು. ಹದಿನೈದು ದಿನದೊಳಗೆ ಬೇಷರತ್ ಕ್ಷಮೆ ಕೇಳಬೇಕು, 10 ಲಕ್ಷ ರೂಪಾಯಿ ಮಾನನಷ್ಟ ಕೊಡಬೇಕು. ಅವನು ನನಗೆ ಕೊಡಬೇಕಾದದ್ದು ಅದರ ಅರ್ಧವೂ ಇರಲಿಲ್ಲ.

ನೋಟಿಸಿನಲ್ಲಿ ಎಷ್ಟು ಸೊನ್ನೆ ಬೇಕಾದರೂ ಬರೆಯಬಹುದು, ಅದಕ್ಕೆ ಕೋರ್ಟ್ ಫೀ ಇಲ್ಲ. ದಾವೆ ಹಾಕುವಾಗ ಮಾತ್ರ ಕೇಳಿದ ಮೊತ್ತದ ಮೇಲೆ ಫೀ ಕಟ್ಟಬೇಕು. ಇದು ನನಗೆ ಆಮೇಲೆ ತಿಳಿಯಿತು. ಆವತ್ತು ನನಗೆ ಕಂಡದ್ದು ಆ ಅಂಕಿ ಮಾತ್ರ. ಮನೆಯಲ್ಲಿ ಒಲೆ ಹಚ್ಚಿದ್ದು ರಾತ್ರಿ ಹತ್ತಕ್ಕೆ. "ಅಳಿಸಿ ಬಿಡೋ ತಮ್ಮಾ, ಬೆಳಿ ನೋಡ್ಕೊ" ಅಂದರು ಅಣ್ಣ. ಅಳಿಸಲೂ ಬರಲಿಲ್ಲ, ಬರೆದು ಒಂದು ತಿಂಗಳ ಮೇಲಾಗಿತ್ತು.

ನಿಜ ಹೇಳಿದರೆ ಭಯ ಯಾಕೆ ಅಂತ ಕೇಳುತ್ತಾರೆ. ಕಾನೂನಿನಲ್ಲಿ ವಿನಾಯಿತಿ ಇರುವುದು ಹೌದು. ನಿಜವಾಗಿರಬೇಕು, ಜೊತೆಗೆ ಅದರಲ್ಲಿ ಸಾರ್ವಜನಿಕರ ಒಳಿತೂ ಇರಬೇಕು. ಇನ್ನೊಬ್ಬರ ಹಿತಕ್ಕಾಗಿ ಒಳ್ಳೆಯ ಮನಸ್ಸಿನಿಂದ ಎಚ್ಚರಿಸಿದ್ದರೆ ಅದಕ್ಕೂ ರಕ್ಷಣೆ ಇದೆ. ಆದರೆ ಈ ವಿನಾಯಿತಿ ನನಗೆ ಸಲ್ಲುತ್ತದೆ ಅಂತ ತೋರಿಸುವ ಭಾರ ಬರೆದವನ ಮೇಲೇ. ಅಕ್ಕಾವರಿಗೆ ಆಸರೆಯಾದ ಪ್ರಶ್ನೆ ನನ್ನ ಕಡೆ ತಿರುಗಿ ನಿಂತಿತು. ಮಾಲು ಕೊಟ್ಟದ್ದಕ್ಕೆ ನನ್ನ ಹತ್ತಿರ ಇದ್ದದ್ದು ತೂಕದ ಒಂದು ಚೀಟಿ. ಅದರ ಮೇಲೆ ಅವನ ಸಹಿ ಇಲ್ಲ. ನಮ್ಮ ಕಡೆ ಮಣೂಕದ ವ್ಯಾಪಾರ ಜಾಸ್ತಿ ನಡೆಯುವುದು ಬಾಯಿ ಮಾತಿನ ಮೇಲೆ. ಅಕ್ಕಾವರ ಟ್ರಂಕಿನಲ್ಲಿ ಪಾಸ್‌ಬುಕ್ ಇತ್ತು. ಮೋಸ ಹೋದ ರೈತನ ಹತ್ತಿರ ಎಷ್ಟೋ ಸಲ ಕಾಗದವೇ ಇರುವುದಿಲ್ಲ.

ಮೆಸೇಜಿನ ಪ್ರಿಂಟ್ ತೆಗೆದು ಕೊಟ್ಟರೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೊಂದು ಪ್ರಮಾಣಪತ್ರವೂ ಬೇಕು. ತಾರೀಖಿಗೊಮ್ಮೆ ಒಂದು ದಿನದ ಕೆಲಸ ಹೋಗುತ್ತದೆ. ಔಷಧಿ ಹೊಡೆಯುವ ದಿನವೇ ತಾರೀಖು ಬಂದರೆ ಡೌನಿ ರೋಗ ನನಗಾಗಿ ಕಾಯುತ್ತದಾ? ಹೈಕೋರ್ಟಿಗೆ ಹೋಗಬೇಕಾದರೆ ನಾವು ವಿಜಯಪುರದವರು ಕಲಬುರಗಿ ಪೀಠಕ್ಕೆ ಓಡಬೇಕು. ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಕೋರ್ಟಿನ ಬಗ್ಗೆ ಸುಮ್ನೆ ಹೇಳಿಲ್ಲ.

ಆನ್‌ಲೈನಿನಲ್ಲಿ ಇನ್ನೊಬ್ಬರಿಗೆ ಕಿರಿಕಿರಿ ಆಗುವಂತೆ ಬರೆದರೆ ಶಿಕ್ಷೆ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ತೆಗೆದುಹಾಕಿತು. ಇನ್ನು ಬರೆಯಲು ಹೆದರಿಕೆ ಇಲ್ಲ ಅಂತ ನಮ್ಮ ಗ್ರೂಪಿನಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಮಾನಹಾನಿಯ ಕಲಂ ಅಲ್ಲೇ ಇದೆ. ಸಿವಿಲ್ ದಾವೆ ಹಾಕಲು ಒಂದು ವರ್ಷ ಸಮಯವಿದೆ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಅಷ್ಟು ದಿನ ಆ ಕತ್ತಿ ತಲೆಯ ಮೇಲೆ ತೂಗುತ್ತಿರುತ್ತದೆ.

ಹಾಗಾದರೆ ಸುಳ್ಳು ಬರೆದವರನ್ನು ಬಿಡಬೇಕಾ? ಬಿಡಬಾರದು. ಅಡ್ಮಿನ್‌ಗೆ ಬೇರೆಯವರ ಮೆಸೇಜ್ ಅಳಿಸುವ ಅವಕಾಶ ಇದೆ. ಅಕ್ಕಾವರ ಗ್ರೂಪಿನ ಕಾಕಾ ಆ ರಾತ್ರಿಯೇ ಅದನ್ನು ಅಳಿಸಿ, ಮರುದಿನ ಗುಡಿಯ ಕಟ್ಟೆಯ ಮೇಲೆ ಇಬ್ಬರನ್ನೂ ಕೂಡಿಸಿ, ನಾಲ್ಕು ಜನರ ಎದುರು ಪಾಸ್‌ಬುಕ್ ಓದಿಸಿದ್ದರೆ ಅಕ್ಕಾವರು ಠಾಣೆ, ಕೋರ್ಟು ಅಂತ ಅಲೆಯಬೇಕಿರಲಿಲ್ಲ. ಅವರನ್ನು ಕೈಬಿಟ್ಟದ್ದು ಆ ಇನ್ನೂರು ಜನ. ನೋಡುತ್ತಾ ಕೂತವರನ್ನು ಕೋರ್ಟು ಮಾತಾಡಿಸುವುದಿಲ್ಲ.

ನಾನು ಕ್ಷಮೆ ಕೇಳಿದೆ. ಅದನ್ನು ಬರೆಯುವಾಗ ಕೈ ನಡುಗಿತು. ಬಾಕಿಗಾಗಿ ಲೋಕ ಅದಾಲತ್‌ಗೆ ಅರ್ಜಿ ಕೊಟ್ಟೆ. ಅಲ್ಲಿ ಫೀ ಇಲ್ಲ, ಇಬ್ಬರೂ ಒಪ್ಪಿ ತೀರ್ಮಾನ ಆದರೆ ಅದರ ಮೇಲೆ ಅಪೀಲೂ ಇಲ್ಲ. ಅವನು ಅರ್ಧ ರೊಕ್ಕಕ್ಕೆ ಒಪ್ಪಿದ, ತೆಗೆದುಕೊಂಡೆ. ಆದರೆ ನನ್ನ ಕ್ಷಮೆಯನ್ನು ನೋಡಿ, ಅವನು ಒಳ್ಳೆಯವನೇ ಇರಬೇಕು ಅಂದುಕೊಂಡು ಮರುವರ್ಷ ಇಬ್ಬರು ಅವನಿಗೆ ಮಾಲು ಕೊಟ್ಟರು. ಅವರಲ್ಲಿ ಒಬ್ಬರು ನಮ್ಮ ಪಕ್ಕದ ತೋಟದವರು. ಅವರ ರೊಕ್ಕ ಇನ್ನೂ ಬಂದಿಲ್ಲ.

ಗ್ರೂಪು ಈಗಲೂ ನಡೆದಿದೆ. ಮಳೆ ಯಾವಾಗ, ಯಾವ ಔಷಧಿ, ಮಣೂಕದ ರೇಟು ಎಷ್ಟು, ಎಲ್ಲಾ ಬರುತ್ತದೆ. ಯಾರು ರೊಕ್ಕ ಕೊಟ್ಟಿಲ್ಲ ಅನ್ನುವುದು ಮಾತ್ರ ಬರುವುದಿಲ್ಲ. ಅದನ್ನು ತೋಟದ ಸಾಲಿನಲ್ಲಿ ನಿಂತು, ಫೋನ್ ಜೇಬಿನಲ್ಲಿಟ್ಟು, ಕಿವಿಯಲ್ಲಿ ಹೇಳುತ್ತಾರೆ.