ಒಂದೂಕಾಲು ಮೊಟ್ಟೆಯ ಬೆಟ್ಟ

ಭೂತಾನಿನ ಪಾರೋ ಕಣಿವೆಯ ಶಾಲೆಯೊಂದರಲ್ಲಿ ನಾನು ಎರಡು ವರ್ಷ ಫಿಸಿಕ್ಸ್ ಮೇಷ್ಟ್ರಾಗಿದ್ದೆ. ಮೇಷ್ಟ್ರುಗಿರಿ ಏನಿದ್ದರೂ ತರಗತಿಯ ಒಳಗೆ ಮಾತ್ರ. ಹೊರಗೆ ಕಾಲಿಟ್ಟರೆ ಮಕ್ಕಳೇ ಮೇಷ್ಟ್ರು, ನಾನು ಕೊನೇ ಬೆಂಚು.

ಹೋದ ಹೊಸದರಲ್ಲೇ ಇದು ಖಾತ್ರಿಯಾಯಿತು. ಒಂದು ಸಂಜೆ ಮೈದಾನ ದಾಟಿಕೊಂಡು ಮನೆಗೆ ಹೊರಟಿದ್ದೆ. ಒಂದು ತುದಿಯಲ್ಲಿ ನಾಲ್ಕೈದು ಜನ ಕೈ ಎತ್ತಿ ಹಾಡುತ್ತಾ ಕುಣಿಯುತ್ತಿದ್ದರು. ಎಷ್ಟು ಒಳ್ಳೆಯ ಜನ, ಹೊಸಬನನ್ನು ಹೀಗೆ ಕರೆಯುತ್ತಾರಲ್ಲ ಅಂತ ನಾನೂ ಕೈ ಬೀಸುತ್ತಾ ಅತ್ತ ನಡೆದೆ. ತಲೆಯ ಮೇಲೆ ಏನೋ ಸುಂಯ್ ಅಂತು.

ಬಿಲ್ಲುಗಾರಿಕೆ ಅಲ್ಲಿನ ರಾಷ್ಟ್ರೀಯ ಕ್ರೀಡೆ. ಬಿಲ್ಲು ಹಿಡಿದವರಿಗೂ ಗುರಿಹಲಗೆಗೂ ನಡುವೆ ಸುಮಾರು 140 ಮೀಟರ್ ದೂರ. ಬಾಣ ತಾಗಿದಾಗ ಹಲಗೆಯ ಹತ್ತಿರ ನಿಂತವರು ಹಾಡಿ ಕುಣಿಯುತ್ತಾರೆ. ಆ ಕುಣಿತ ಬಾಣಕ್ಕೆ, ನನಗಲ್ಲ. ಹನ್ನೊಂದನೇ ತರಗತಿಯ ನನ್ನ ಹುಡುಗನೊಬ್ಬ ಓಡಿ ಬಂದು ತೋಳು ಹಿಡಿದು ಎಳೆದುಕೊಂಡು ಹೋದ. "ಸರ್, ಪ್ರೊಜೆಕ್ಟೈಲ್ ಮೋಶನ್ ನಾಳೆ ಕ್ಲಾಸಲ್ಲೇ ಮಾಡೋಣ ಲಾ" ಅಂದ. ಎಸೆದ ವಸ್ತು ಗಾಳಿಯಲ್ಲಿ ಸಾಗುವ ದಾರಿಯ ಪಾಠ ಅದು. ಮಾತಿನ ಕೊನೆಗೆ 'ಲಾ' ಸೇರಿಸುವುದು ಅಲ್ಲಿ ಮರ್ಯಾದೆ. ಬೈಯುವಾಗಲೂ ಬಿಡುವುದಿಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಒಂದು ಮಂಗಳವಾರ ಕೆಲಸ ಮತ್ತು ಶಕ್ತಿಯ ಪಾಠ ಮಾಡುತ್ತಾ, ಸುಮ್ನೆ ಜಂಬಕ್ಕೆ, ಟಕ್‌ತ್ಸಾಂಗ್ ಬೆಟ್ಟವನ್ನೇ ಲೆಕ್ಕವಾಗಿ ಕೊಟ್ಟೆ. ಬಂಡೆಯ ಕಡಿದಾದ ಮೈಗೆ ಅಂಟಿಕೊಂಡಂತೆ ಕಾಣುವ, ಕ್ಯಾಲೆಂಡರ್‌ಗಳಲ್ಲೆಲ್ಲ ಬರುವ ಮಠ ಅದು. ಬೌದ್ಧ ಸಂತ ಗುರು ರಿಂಪೋಚೆ ಹುಲಿಯ ಮೇಲೆ ಕೂತು ಅಲ್ಲಿಗೆ ಹಾರಿ ಬಂದರು ಅಂತ ನಂಬಿಕೆ. ಮಠ ಕಟ್ಟಿದ್ದು 1692ರಲ್ಲಿ. 1998ರಲ್ಲಿ ಬೆಂಕಿಗೆ ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಎತ್ತರ 3,120 ಮೀಟರ್. ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು 500 ಮೀಟರ್ ಮೇಲಕ್ಕೆ ಅಂತ ಇಟ್ಟುಕೊಂಡೆ. ನನ್ನ ತೂಕ 80 ಕಿಲೋ. ಬೋರ್ಡಿನ ಮೇಲೆ ಗುಣಿಸಿದೆ: ತೂಕ 80, ಗುರುತ್ವ 9.8, ಎತ್ತರ 500. ಒಟ್ಟು 3,92,000 ಜೌಲ್, ಅಂದರೆ ಸುಮಾರು 94 ಕಿಲೋಕ್ಯಾಲೊರಿ. ಒಂದು ಮೊಟ್ಟೆಯಲ್ಲಿ ಸುಮಾರು 75 ಇರುತ್ತದೆ.

"ನೋಡಿ, ಒಂದೂಕಾಲು ಮೊಟ್ಟೆ ತಿಂದರೆ ಸಾಕು, ಟಕ್‌ತ್ಸಾಂಗ್ ತಲುಪಬಹುದು" ಅಂದೆ. ಯಾರೂ ನಗಲಿಲ್ಲ. ಬೆಟ್ಟದ ಮಕ್ಕಳು ಬೆಟ್ಟದ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. "ಹಾಗಾದರೆ ಭಾನುವಾರ ಹೋಗೋಣ ಲಾ" ಅಂದರು.

ಮಠದ ಒಳಗೆ ಹೋಗುವಾಗ ಅಲ್ಲಿಯವರು ತಮ್ಮ ಉಡುಪಿನಲ್ಲೇ ಇರಬೇಕು. ಗಂಡಸರಿಗೆ ಘೋ. ಹೊರಗಿನವನಾದ ನನಗೆ ಆ ನಿಯಮ ಇರಲಿಲ್ಲ. ಆದರೂ ಆಸೆ. ನಮ್ಮ ಶಾಲೆಯ ಜೊಂಗ್ಖಾ ಲೋಪೆನ್, ಅಂದರೆ ಅಲ್ಲಿನ ಭಾಷೆ ಜೊಂಗ್ಖಾ ಕಲಿಸುವ ಮೇಷ್ಟ್ರು, ತಮ್ಮ ಹೊಸ ಘೋ ಒಂದನ್ನು ಸಾಲ ಕೊಟ್ಟು, ತಾವೇ ಉಡಿಸಿದರು. ಮೊಣಕಾಲಿನವರೆಗೆ ಎತ್ತಿ, ಮಡಿಸಿ, ಸೊಂಟಕ್ಕೆ ಕೇರಾ ಅನ್ನುವ ಪಟ್ಟಿಯನ್ನು ಬಿಗಿದರು. ಎಷ್ಟು ಬಿಗಿ ಅಂದರೆ ಥ್ಯಾಂಕ್ಸ್ ಹೇಳಲು ಉಸಿರು ಉಳಿಯಲಿಲ್ಲ. ಪಟ್ಟಿಯ ಮೇಲೆ ಎದೆಯ ಹತ್ತಿರ ಬಟ್ಟೆ ಉಬ್ಬಿ ದೊಡ್ಡ ಜೇಬಾಗುತ್ತದೆ. ಮಕ್ಕಳು ಅದರಲ್ಲಿ ಪುಸ್ತಕ, ಬನ್, ಛತ್ರಿ ಎಲ್ಲ ಇಟ್ಟುಕೊಳ್ಳುವುದನ್ನು ನೋಡಿದ್ದೆ. ನಾನು ಆರು ಬೇಯಿಸಿದ ಮೊಟ್ಟೆ ಇಟ್ಟುಕೊಂಡೆ. ಲೆಕ್ಕಕ್ಕೆ ಒಂದೂಕಾಲು, ಉಳಿದದ್ದು ಬಾಯಿಚಪಲಕ್ಕೆ.

ಆ ಮೊಟ್ಟೆಗಳ ಬಗ್ಗೆ ಒಂದು ಮಾತು. ಪಾರೋದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಯಾವುದೂ ಬೇಗ ಬೇಯುವುದಿಲ್ಲ. ಇದನ್ನು ಆ ತಿಂಗಳು ಮೂರು ಸೆಕ್ಷನ್‌ಗಳಿಗೆ ನಾನೇ ಪಾಠ ಮಾಡಿದ್ದೆ. ಭಾನುವಾರ ಬೆಳಗ್ಗೆ ಮೊಟ್ಟೆ ಇಳಿಸಿದ್ದು ಮಾತ್ರ ಬಯಲು ಸೀಮೆಯ ಎಂಟು ನಿಮಿಷಕ್ಕೆ.

ಹತ್ತಲು ಶುರು ಮಾಡಿದೆವು. ಪೈನ್ ಮರಗಳ ನಡುವೆ ದಾರಿ, ಅಲ್ಲಲ್ಲಿ ಪ್ರಾರ್ಥನೆಯ ಬಾವುಟಗಳು. ಹುಡುಗರು ಮಾತಾಡುತ್ತಾ ಹತ್ತುತ್ತಿದ್ದರು. ಹತ್ತುವಾಗ ಮಾತಾಡುವುದು ಎಂಥ ಶ್ರೀಮಂತಿಕೆ ಅಂತ ನನಗೆ ಅವತ್ತು ತಿಳಿಯಿತು. ಜಪಮಾಲೆ ಎಣಿಸುತ್ತಾ ಬಂದ ಒಬ್ಬ ಅಜ್ಜಿ ನನ್ನನ್ನು ದಾಟಿ ಹೋದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ದಾಟಿ ಹೋದರು. ಮಧ್ಯೆ ಎಲ್ಲೋ ಕೂತು ಚಹಾ ಕುಡಿದಿರಬೇಕು. ಕುದುರೆ ಬೇಕಾ ಅಂತ ಒಬ್ಬರು ಕೇಳಿದರು. ಕುದುರೆಯೂ ಅರ್ಧ ದಾರಿಗೆ ಮಾತ್ರ. ಬೇಡ ಅಂದೆ. ಹಿಂದೆ ಹನ್ನೆರಡು ಜನ ವಿದ್ಯಾರ್ಥಿಗಳು ನೋಡುತ್ತಿದ್ದರಲ್ಲ. ಹಿಂದೆ ಅಂದೆನಾ? ಮುಂದೆ, ಮೇಲಿನ ತಿರುವಿನಲ್ಲಿ ಕೂತು ನೋಡುತ್ತಿದ್ದರು.

ಮುಕ್ಕಾಲು ಗಂಟೆಯ ಹೊತ್ತಿಗೆ ಉಸಿರು ಪೂರ್ತಿ ನಿಂತಂತಾಯಿತು. ಯಾರಿಗೂ ಕಾಣದ ಹಾಗೆ ಮರದ ಮರೆಗೆ ಹೋಗಿ ಕೇರಾವನ್ನು ಒಂಚೂರು ಸಡಿಲ ಮಾಡಿದೆ. ಒಂಚೂರೇ.

ಘೋದ ಜೇಬಿಗೆ ತಳ ಅಂತ ಬೇರೆ ಇಲ್ಲ. ಪಟ್ಟಿಯೇ ತಳ.

ಮೊದಲ ಮೊಟ್ಟೆ ಕಾಲಿನ ಮೇಲೆ ಬಿತ್ತು. ಉಳಿದವು ಸಾಲಾಗಿ ಇಳಿಜಾರು ಹಿಡಿದವು. ಹಿಡಿಯೋಣ ಅಂತ ಬಗ್ಗಿದರೆ ಘೋ ಜಾರಿ ಹಿಮ್ಮಡಿ ಮುಟ್ಟಿತು. ಎರಡು ಕೈಯಲ್ಲಿ ಘೋ ಹಿಡಿಯಲೋ ಮೊಟ್ಟೆ ಹಿಡಿಯಲೋ? ಮಾನವನ್ನೇ ಹಿಡಿದುಕೊಂಡೆ. ಬೆಳಗ್ಗೆಯಿಂದ ನಮ್ಮ ಹಿಂದೆಯೇ ಬರುತ್ತಿದ್ದ ಒಂದು ಕಂದು ನಾಯಿ ಕೆಳಗೆ ಕಾದು ನಿಂತು, ಬಂದದ್ದನ್ನೆಲ್ಲ ಸಿಪ್ಪೆ ಸಮೇತ ಮುಗಿಸಿತು. ಕಾಲಿನ ಹತ್ತಿರ ಬಿದ್ದದ್ದನ್ನೂ ಬಂದು ತಗೊಂಡಿತು. ಒಟ್ಟು ಐದು. ಆರನೆಯದು ಎಲ್ಲಿ?

ಹುಡುಗರು ಓಡಿ ಬಂದರು. ಇಬ್ಬರು ಘೋ ಎತ್ತಿ ಹಿಡಿದರು, ಮೂರನೆಯವನು ಲೋಪೆನ್‌ಗಿಂತ ಬಿಗಿಯಾಗಿ ಕೇರಾ ಕಟ್ಟಿದ. ಆಗ ಆರನೆಯದು ಎಲ್ಲಿತ್ತು ಅಂತ ಗೊತ್ತಾಯಿತು. ಮಡಿಕೆಯೊಳಗೆ ಪಚಕ್ ಅಂತು. ಅರ್ಧ ಬೆಂದ ಹಳದಿ ಬೆಚ್ಚಗೆ ಹೊಟ್ಟೆಯ ಮೇಲೆ ಇಳಿಯಿತು. "ಸರ್, ಕುದಿಯುವ ಬಿಂದು..." ಅಂತ ಒಬ್ಬ ಶುರು ಮಾಡಿದ. ಕೈ ಎತ್ತಿ ನಿಲ್ಲಿಸಿದೆ.

ಮಠ ಎದುರಿಗೇ ಕಂಡಿತು. ಗೆದ್ದೆ ಅಂದುಕೊಂಡೆ. ಆದರೆ ನಡುವೆ ಒಂದು ಕಂದಕ. ಮೆಟ್ಟಿಲು ಇಳಿದು, ಜಲಪಾತದ ಬುಡ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ನನ್ನ ಬೋರ್ಡಿನ ಲೆಕ್ಕದಲ್ಲಿ ಈ ಇಳಿಯುವ ಬಾಬತ್ತೇ ಇರಲಿಲ್ಲ. ಬಾಗಿಲಲ್ಲಿ ಫೋನು, ಬ್ಯಾಗು ಎಲ್ಲ ಇಡಬೇಕು. ಹಾಗಾಗಿ ಒಳಗಿನ ಫೋಟೋ ಒಂದೂ ಇಲ್ಲ, ನನ್ನ ಘೋದ ಫೋಟೋ ಕೂಡ ಇಲ್ಲ. ಎರಡನೆಯದಕ್ಕೆ ಆ ನಿಯಮ ಮಾಡಿದವರಿಗೆ ಕೈ ಮುಗಿದೆ. ಅಜ್ಜಿ ಅಷ್ಟೊತ್ತಿಗೆ ದರ್ಶನ ಮುಗಿಸಿ ಹೊರಗೆ ಬರುತ್ತಿದ್ದರು. ನನ್ನ ಹೊಟ್ಟೆಯ ಕಲೆ ನೋಡಿ ಏನೋ ಹೇಳಿದರು. ಹುಡುಗರು ಅನುವಾದ ಮಾಡಲು ಒಪ್ಪಲಿಲ್ಲ.

ಘೋವನ್ನು ಮೂರು ಸಲ ಒಗೆದು ವಾಪಸ್ ಕೊಟ್ಟೆ. ಲೋಪೆನ್ ಮೂಸಿ ನೋಡಿ, "ಪರವಾಗಿಲ್ಲ, ನೀವೇ ಇಟ್ಟುಕೊಳ್ಳಿ ಲಾ" ಅಂದರು.

ಸೋಮವಾರ ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ಆಗಲೇ ಒಂದು ಲೆಕ್ಕ ಇತ್ತು. ತಿಂದದ್ದರಲ್ಲಿ ಕಾಲು ಭಾಗ ಮಾತ್ರ ಹತ್ತುವ ಕೆಲಸಕ್ಕೆ ಬರುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾದರೆ 80 ಕಿಲೋ ಸರ್ ಒಂದು ಸಲ ಹತ್ತಲು ಎಷ್ಟು ಮೊಟ್ಟೆ ಬೇಕು? ಅಷ್ಟೇ ಮೊಟ್ಟೆ ತಿಂದ 20 ಕಿಲೋ ನಾಯಿ ಎಷ್ಟು ಸಲ ಹತ್ತುತ್ತದೆ?

ಸರ್‌ಗೆ ಐದು. ಐದು ತಿಂದ ನಾಯಿ ನಾಲ್ಕು ಸಲ. ನಾನೂ ಮಾಡಿ ನೋಡಿದೆ, ಸರಿಯಾಗಿಯೇ ಇತ್ತು. ಅಂದರೆ ನಾಯಿಗೆ ಸಲಕ್ಕೆ ಒಂದೂಕಾಲು ಮೊಟ್ಟೆ. ಮಂಗಳವಾರ ನಾನು ಹೇಳಿದ ಉತ್ತರವೂ ತಪ್ಪಿರಲಿಲ್ಲ. ಪ್ರಾಣಿ ಬೇರೆ, ಅಷ್ಟೇ.