17ಕ್ಕೆ ಏನು ಹಾಕ್ದೆ?

ಕಥೆ ಕೊಟ್ಟು ಪ್ರಶ್ನೆ ಕೇಳುವ ಪರೀಕ್ಷೆ ಮುಗಿದ ಕೂಡಲೇ ಇನ್ನೊಂದು ಪರೀಕ್ಷೆ ಶುರುವಾಗುತ್ತದೆ. ಇದಕ್ಕೆ ಹಾಲ್ ಟಿಕೆಟ್ ಬೇಡ. ಗೇಟಿನಾಚೆ ನಾಲ್ಕು ಜನ ಸೇರಿದರೆ ಸಾಕು.

"17ಕ್ಕೆ ಏನು ಹಾಕ್ದೆ?"

"ಸಿ. ಬೇಸರ."

"ಅಯ್ಯೋ, ನಾನು ಬಿ ಕಣೋ. ಅಸಮಾಧಾನ!"

"ಆ ಅಜ್ಜಿಗೆ ಅಸಮಾಧಾನ ಎಲ್ಲಿಂದ ಬಂತು?"

"ಬರದೆ ಬಾಗಿಲನ್ನ ಧಡಾರ್ ಅಂತ ಯಾಕೆ ಹಾಕಿದ್ಳು?"

"ಗಾಳಿ ಇತ್ತಲ್ಲ. ಎರಡನೇ ಪ್ಯಾರಾ ಓದಿಲ್ವಾ?"

ಓದಿಲ್ಲ. ಓದಬೇಡ ಎಂದು ಕೋಚಿಂಗ್‌ನಲ್ಲೇ ಹೇಳಿಕೊಟ್ಟಿದ್ದಾರೆ. ಮೊದಲು ಪ್ರಶ್ನೆ ನೋಡು, ಆಮೇಲೆ ಉತ್ತರ ಇರೋ ಸಾಲು ಹುಡುಕು, ಮಿಕ್ಕಿದ್ದು ಬಿಟ್ಟಾಕು. ಓದುವ ಸಾಮರ್ಥ್ಯದ ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬೇಕಾದರೆ ಆದಷ್ಟು ಕಡಿಮೆ ಓದಬೇಕು. ಇದೇನು ಗುಟ್ಟಲ್ಲ. ಫೀಸು ಕಟ್ಟಿದರೆ ಯಾರು ಬೇಕಾದರೂ ಹೇಳಿಕೊಡುತ್ತಾರೆ.

ಪ್ರಶ್ನೆಪತ್ರಿಕೆಯ ಮೇಲೆ "ಹೆಚ್ಚು ಸೂಕ್ತವಾದ ಉತ್ತರವನ್ನು ಆರಿಸಿ" ಎಂದು ಬರೆದಿರುತ್ತಾರೆ. ಅಂದರೆ ನಾಲ್ಕೂ ಸ್ವಲ್ಪ ಸ್ವಲ್ಪ ಸರಿ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಸ್ವಂತ ಅಜ್ಜಿ ಎದುರಿಗೆ ಮುಖ ಊದಿಸಿಕೊಂಡು ಕೂತಿದ್ದರೂ ಅದು ಬೇಸರವೋ ಅಸಮಾಧಾನವೋ ಎಂದು ನಮಗೆ ಗೊತ್ತಾಗುವುದಿಲ್ಲ. ಗುರುತು ಪರಿಚಯ ಇಲ್ಲದ ಅಜ್ಜಿಯ ಮನಸ್ಸನ್ನು ಮಾತ್ರ ಒಂದು ನಿಮಿಷದಲ್ಲಿ ತಿಳಿದು ಗೋಲ ತುಂಬಬೇಕು. ಅದೂ ಗೆರೆ ದಾಟದ ಹಾಗೆ.

ಈ ರಗಳೆಗೆ ನೂರು ವರ್ಷ ದಾಟಿದೆ. 1915ರ ಸುಮಾರಿಗೆ ಅಮೆರಿಕದ ಕ್ಯಾನ್ಸಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬವರು ಮಕ್ಕಳು ಮನಸ್ಸಿನಲ್ಲೇ ಓದಿ ಉತ್ತರಿಸುವ ಪರೀಕ್ಷೆಯೊಂದನ್ನು ಮಾಡಿದರು. ಬಹು ಆಯ್ಕೆ ಪ್ರಶ್ನೆಗಳ ಮೂಲಪುರುಷ ಯಾರು ಅಂದರೆ ಸಾಮಾನ್ಯವಾಗಿ ಇವರನ್ನೇ ತೋರಿಸುತ್ತಾರೆ. ಅದರಲ್ಲಿ ನಾಲ್ಕು ಪ್ರಾಣಿಗಳ ಹೆಸರಿತ್ತು: ಹಸು, ಹುಲಿ, ಇಲಿ, ತೋಳ. ಹೊಲದಲ್ಲಿ ಉಪಯೋಗಕ್ಕೆ ಬರುವ ಪ್ರಾಣಿಗೆ ಸುತ್ತು ಹಾಕಬೇಕು. ಹಸು ಅಂದವನು ಪಾಸು. ಹುಲಿ ಇದ್ದರೆ ಜಿಂಕೆ ಬಂದು ಪೈರು ಮೇಯಲ್ಲ ಎಂದು ಯೋಚಿಸಿದವನು ಫೇಲು. ಯೋಚಿಸು ಅಂತ ಅವನಿಗೆ ಹೇಳಿದ್ದಾದರೂ ಯಾರು?

1938ರಲ್ಲಿ ಐಬಿಎಂ ಕಂಪನಿ ಉತ್ತರ ತಿದ್ದುವ ಯಂತ್ರ ತಂದಿತು. ಪೆನ್ಸಿಲ್ ಗುರುತಿನಲ್ಲಿ ಕರೆಂಟ್ ಹರಿಯುತ್ತದೋ ಇಲ್ಲವೋ ಎಂದು ನೋಡಿ ಅದು ಅಂಕ ಕೊಡುತ್ತಿತ್ತು. ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ತೀರ್ಮಾನಿಸುವ ಯಂತ್ರಕ್ಕೆ ಒಂದಕ್ಷರ ಬರುತ್ತಿರಲಿಲ್ಲ.

ಆದರೂ ಅನಾನಸ್ ಕಥೆಯ ಮುಂದೆ ಇವೆಲ್ಲ ಏನೂ ಅಲ್ಲ. 2012ರಲ್ಲಿ ನ್ಯೂಯಾರ್ಕ್ ರಾಜ್ಯದ 8ನೇ ತರಗತಿಯ ಪರೀಕ್ಷೆಗೆ ಬಂದದ್ದು ಅದು. ಅನಾನಸ್ ಹಣ್ಣು ಮೊಲವನ್ನು ಓಟದ ಪಂದ್ಯಕ್ಕೆ ಕರೆಯುತ್ತದೆ. ಕಾಲೇ ಇಲ್ಲದ್ದು ಪಂದ್ಯಕ್ಕೆ ಕರೀತಿದೆ ಅಂದರೆ ಅಂಗಿತೋಳಿನೊಳಗೆ ಏನೋ ಕಿತಾಪತಿ ಅಡಗಿಸಿಟ್ಟುಕೊಂಡಿದೆ ಎಂದುಕೊಂಡ ಪ್ರಾಣಿಗಳು ಅನಾನಸ್ಸಿಗೇ ಜೈ ಅನ್ನುತ್ತವೆ. ಮೊಲ ಓಡುತ್ತದೆ. ಅನಾನಸ್ ಕೂತಲ್ಲೇ ಕೂತಿರುತ್ತದೆ. ಮೊಲ ಗೆಲ್ಲುತ್ತದೆ. ಪ್ರಾಣಿಗಳು ಅನಾನಸ್ಸನ್ನು ತಿಂದುಬಿಡುತ್ತವೆ. ಕಥೆಯ ನೀತಿ: ಅನಾನಸ್ ಹಣ್ಣಿಗೆ ಅಂಗಿತೋಳು ಇರುವುದಿಲ್ಲ.

ಈಗ ಪ್ರಶ್ನೆ. ಪ್ರಾಣಿಗಳು ಅದನ್ನು ಯಾಕೆ ತಿಂದವು? ಸಿಟ್ಟು ಬಂದೋ, ಹಸಿವಾಗಿಯೋ, ಮಜಾ ಅನ್ನಿಸಿಯೋ, ಉತ್ಸಾಹದಲ್ಲೋ? ಎಲ್ಲರಿಗಿಂತ ಜಾಣ ಪ್ರಾಣಿ ಯಾವುದು? (ಪ್ರಶ್ನೆಪತ್ರಿಕೆ ತಯಾರಿಸಿದವರು ಆ ಆಯ್ಕೆಗಳಲ್ಲಿ ಇರಲಿಲ್ಲ.)

ಮಕ್ಕಳು ಹೊರಗೆ ಬಂದು ಒಬ್ಬರಿಗೊಬ್ಬರು ಹೇಳಿಕೊಂಡರು, ವಿಷಯ ಪತ್ರಿಕೆಗಳವರೆಗೆ ಹೋಯಿತು, ಕೊನೆಗೆ ಆ ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಸರ್ಕಾರ ಹೇಳಿತು. ಇನ್ನೊಂದು ವಿಷಯ: ಲೇಖಕರು ಬರೆದ ಮೂಲ ಕಥೆಯಲ್ಲಿ ಓಟಕ್ಕೆ ನಿಂತದ್ದು ಬದನೆಕಾಯಿ. ಪರೀಕ್ಷೆಗೆ ಬರುವಷ್ಟರಲ್ಲಿ ಅದು ಅನಾನಸ್ ಆಗಿತ್ತು. ಯಾಕೆ? ಹೆಚ್ಚು ಸೂಕ್ತವಾದ ಉತ್ತರವನ್ನು ಆರಿಸಿ.

ಬರೆದವರನ್ನೇ ಕೇಳಬಹುದಲ್ಲ ಎಂದು ನೀವು ಅನ್ನಬಹುದು. ಸಾರಾ ಹಾಲ್‌ಬ್ರೂಕ್ ಎಂಬ ಕವಯಿತ್ರಿಯ ಪದ್ಯಗಳು ಟೆಕ್ಸಾಸ್‌ನ ಪರೀಕ್ಷೆಗೆ ಬಂದಿದ್ದವು. ಅವುಗಳ ಮೇಲಿನ ಪ್ರಶ್ನೆಗಳಿಗೆ ನನಗೇ ಉತ್ತರ ಗೊತ್ತಿಲ್ಲ ಎಂದು 2017ರಲ್ಲಿ ಅವರು ಬರೆದರು. ಪದ್ಯವನ್ನು ಎರಡು ಭಾಗ ಮಾಡಿದ್ದು ಯಾಕೆ ಎಂದು ಒಂದು ಪ್ರಶ್ನೆ. ವೇದಿಕೆ ಮೇಲೆ ಓದುವಾಗ ಅಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದರಂತೆ, ಅಷ್ಟೇ. ಆ ಉತ್ತರ ನಾಲ್ಕು ಆಯ್ಕೆಗಳಲ್ಲಿ ಇರಲಿಲ್ಲ. ತನ್ನ ಪದ್ಯ ತನಗೇ ಅರ್ಥವಾಗದ ಕವಿಗೆ ಅಂಕ ಕೊಡುವುದಾದರೂ ಹೇಗೆ!

ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆ 2024ರಲ್ಲಿ ಕಂಪ್ಯೂಟರಿಗೆ ಬಂದ ಮೇಲೆ ಗೇಟಿನಾಚೆಯ ಸಭೆಗೆ ಹೊಸ ಕಳೆ ಬಂದಿದೆ. ಓದು ಮತ್ತು ಬರಹದಲ್ಲಿ 54 ಪ್ರಶ್ನೆ, 64 ನಿಮಿಷ. ಮೊದಲ ಭಾಗ ಚೆನ್ನಾಗಿ ಮಾಡಿದವರಿಗೆ ಎರಡನೇ ಭಾಗ ಕಷ್ಟದ್ದು ಬರುತ್ತದೆ, ಮಾಡದವರಿಗೆ ಸುಲಭದ್ದು. "ಎರಡನೇದು ಏನೂ ಅರ್ಥ ಆಗ್ಲಿಲ್ಲ ಕಣೇ!" ಎಂದು ಒಬ್ಬಳು ಕುಣಿಯುತ್ತಾಳೆ. "ನಂಗೆ ಪೂರ್ತಿ ಸುಲಭ ಇತ್ತು" ಎಂದು ಇನ್ನೊಬ್ಬಳು ಅನ್ನುತ್ತಾಳೆ. ಎಲ್ಲರೂ ಅವಳ ಬೆನ್ನು ಸವರುತ್ತಾರೆ.

ಪ್ರಶ್ನೆಗಳನ್ನು ಯಾರ ಹತ್ತಿರವೂ ಮಾತಾಡಕೂಡದು ಎಂದು ಮೊದಲೇ ಒಪ್ಪಿಗೆ ತೆಗೆದುಕೊಳ್ಳುವ ಪರೀಕ್ಷೆಗಳೂ ಇವೆ. ಕಥೆ ಓದಿ ಸುಮ್ನೆ ಮನೆಗೆ ಹೋಗಬೇಕು. ಸದ್ಯ, ಈ ನಿಯಮವನ್ನೂ ಯಾರೂ ಪೂರ್ತಿ ಓದುವುದಿಲ್ಲ.

ಇತ್ತ ಗೇಟಿನ ಹತ್ತಿರ 17ನೇ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಬೇಸರಕ್ಕೆ ಐದು ಓಟು, ಅಸಮಾಧಾನಕ್ಕೆ ಆರು. ಆರನೆಯವನಿಗೆ ಪ್ರಶ್ನೆ ನೆನಪಿಲ್ಲ, ಆದರೆ ಗಂಟಲು ದೊಡ್ಡದು. ಅಷ್ಟರಲ್ಲಿ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು:

"ಬಾಗಿಲು ಹಾಕಿದ್ದು ಅಜ್ಜಿ ಅಲ್ಲ ಕಣ್ರೋ, ಮೊಮ್ಮಗ. ಅಜ್ಜಿ ಆಗಲೇ ಹೊರಟುಹೋಗಿದ್ಳು. ಕೊನೇ ಪ್ಯಾರಾದಲ್ಲಿದೆ."

ಎಲ್ಲರೂ ಅವಳ ಕಡೆ ತಿರುಗಿದರು.

"ಹಂಗಾದ್ರೆ ನೀನು ಏನು ಹಾಕ್ದೆ?"

"ಏನೂ ಹಾಕ್ಲಿಲ್ಲ. ಪೂರ್ತಿ ಓದೋಷ್ಟರಲ್ಲಿ ಟೈಮ್ ಆಗೋಯ್ತು."